ಹಿಗ್ಗು

ಅರ್ಜಿಯ ಎಂಟನೇ ಕಾಲಮ್ಮು:
ಕುಟುಂಬದಲ್ಲಿ ಸೇನೆಗೆ ಸೇರಿದವರು ಇದ್ದಾರೆಯೇ?
ಗೋಣಿಕೊಪ್ಪದ ಸೈಬರ್ ಅಂಗಡಿಯ ಹುಡುಗ ಕೇಳಿದ,
'ಏನು ಬರೀಲಿ?'
ಈ ಜಿಲ್ಲೆಯಲ್ಲಿ ಆ ಜಾಗ ಸಾಲದೆ
ಬೇರೆ ಹಾಳೆ ಅಂಟಿಸುವವರಿದ್ದಾರೆ.
ನಾನು ವೈ. ಕೆ. ಚುಬ್ರ, ಅಪ್ಪ ಕಾಳ,
ತಿತಿಮತಿ ಕಡೆಯ ಲೈನ್ ಮನೆ.
ಒಂದು ಗೀಟು ಎಳಿ, ಅಂದೆ.

ಒಂಬತ್ತನೆಯದು: ಬರುವ ಕೆಲಸ.

ಹೊಲಿಗೆ. ಏಳು ವರ್ಷ. ಪೋಕರ್ ಕಾಕನ ಅಂಗಡಿ,
ಮಾರ್ಕೆಟ್ಟಿನ ಹಿಂದೆ, ಮೆಟ್ಟಿಲ ಕೆಳಗೆ.
ಮೊದಲ ವರ್ಷ ಬರೀ ಕಾಜ, ಗುಂಡಿ.
ಆಮೇಲೆ ಅಮ್ಮನಿಗೆ ಕಾಫಿ ಕುಯ್ಯಲು
ಗೊಬ್ಬರದ ಗೋಣಿಯಲ್ಲಿ ಹೊಲಿದ ಮಡಿಲಚೀಲ.
ಇನ್ನೂ ಹರಿದಿಲ್ಲ. ಅದನ್ನೂ ಬರೆಯಬಹುದೇ?
ಆಮೇಲೆ ಕುಪ್ಯ: ಮದುವೆಗೆ ಬಿಳಿ, ಸಾವಿಗೂ ಬಿಳಿ,
ನಡುವಿನ ಬದುಕಿಗೆಲ್ಲ ಕರಿ.
ಚೇಲೆ ಬಿಗಿದಾಗ ಎಲ್ಲಿ ಸುಕ್ಕು ಬೀಳುತ್ತದೆ,
ಪೀಚೆಕತ್ತಿ ಸಿಕ್ಕಿಸಿದರೆ ಎಷ್ಟು ಜಗ್ಗುತ್ತದೆ,
ಎಂದೂ ತೊಡದ ನನಗೆ ಕಣ್ಣುಮುಚ್ಚಿ ಗೊತ್ತು.

ಕರ್ನಲ್ ಪಳಂಗಪ್ಪನವರ ಹಳೆಯ ಸಮವಸ್ತ್ರ
ವರ್ಷಕ್ಕೊಮ್ಮೆ ಬರುತ್ತಿತ್ತು, ಸೊಂಟ ಬಿಡಿಸಲು.
ಹೊಲಿಗೆ ಬಿಚ್ಚಿದರೆ ಒಳಗೆ ಮಡಚಿಟ್ಟ ಒಂದಿಂಚು ಬಟ್ಟೆ,
ಬಿಸಿಲು ಕಾಣದೆ, ಸೋಪು ಕಾಣದೆ,
ಕೊಟ್ಟ ದಿನದ ಹಸಿರಿನಲ್ಲೇ ಕೂತಿತ್ತು.
ಯಾವ ಗಡಿಯಲ್ಲೋ ಯಾವನೋ ಪಲ್ಟನ್ನಿನ ದರ್ಜಿ
ಆ ಎಳೆಯ ಲೆಫ್ಟಿನೆಂಟಿನೊಳಗಿನ ಮುದುಕನಿಗೆಂದು
ಉಳಿಸಿಟ್ಟದ್ದು.
ಅವನ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.
ಆಸೆ ಹುಟ್ಟಿದ್ದು ಆವತ್ತು. ಬಂದೂಕಿನದ್ದಲ್ಲ.

ಪೋಕರ್ ಕಾಕ ನಕ್ಕರು:
'ಈ ಊರಿಂದ ಜನರಲ್ಲುಗಳು ಹೋದರು ಮಾರಾಯ,
ನೀನು ಸೂಜಿ ಹಿಡ್ಕೊಂಡು ಹೊರಟ್ಯಾ?'
ನಕ್ಕವರೇ ಓಡಲು ಬೂಟು ಕೊಡಿಸಿದರು.
ಸಂಬಳದಲ್ಲಿ ಹಿಡಿಯಲಿಲ್ಲ.

ಮಡಿಕೇರಿ ಮೈದಾನ. ಮಂಜು ಎಷ್ಟೆಂದರೆ
ಅರ್ಧ ಸುತ್ತು ನಾನೊಬ್ಬನೇ ಓಡಿದಂತಿತ್ತು.
ಓಟ ಪಾಸು. ಬೀಮು ಪಾಸು. ಒಂಬತ್ತಡಿ ಹಳ್ಳ,
ಆನೆ ಕಂದಕ ಹಾರಿ ಶಾಲೆಗೆ ಹೋದವನಿಗೆ
ಅದೆಂಥ ಹಳ್ಳ.

ಆಮೇಲೆ ಎದೆ.
ಊರಿನ ಎದೆಗಳನ್ನೆಲ್ಲ ಅಳೆದವನ ಸುತ್ತ
ಮೊದಲ ಸಲ ಬೇರೆಯವರ ಟೇಪು.
'ಎಪ್ಪತ್ತಾರೂವರೆ. ಅರ್ಧ ಕಮ್ಮಿ. ನಡಿ.'
ಚರ್ಮಕ್ಕೆ ಗೊತ್ತಾಯಿತು, ನನಗಿಂತ ಮೊದಲೇ:
ಬಟ್ಟೆಯ ಟೇಪು, ತುದಿಯ ಹಿತ್ತಾಳೆ ಸಡಿಲ,
ಗೆರೆಗೂ ಗೆರೆಗೂ ನಡುವೆ
ಕೂದಲೆಳೆಯಷ್ಟು ಹೆಚ್ಚು ಜಾಗ.

'ಸಾರ್, ಹಿಗ್ಗಿರೋದು ಟೇಪು.'

ಹವಾಲ್ದಾರರ ಹುಬ್ಬು ಮೇಲೆ ಹೋಯಿತು.
ಹಿಂದಿನ ಸಾಲಿನಲ್ಲಿ ನಗೆ.
ನನ್ನ ಹಿಂದಿಯಲ್ಲಿ ಗಂಡು ಹೆಣ್ಣು ಎಲ್ಲ ತಲೆಕೆಳಗು,
ಅಂಕಿ ಮಾತ್ರ ನೆಟ್ಟಗೆ:
ದಿನಕ್ಕೆ ಇನ್ನೂರು ಎದೆಗೆ ಜಗ್ಗಿದರೆ ಬಟ್ಟೆ
ಮೀಟರಿಗೆ ಆರೇಳು ಮಿಲಿ ಬೆಳೆಯುತ್ತದೆ.
ಹಿಗ್ಗಿದ ಟೇಪು ಮನುಷ್ಯರನ್ನು ಕುಗ್ಗಿಸುತ್ತದೆ.

ಉಕ್ಕಿನ ಸ್ಕೇಲು ತರಿಸಿದರು.
ಟೇಪನ್ನು ಅದರ ಮಗ್ಗುಲಲ್ಲಿ ಮಲಗಿಸಿದರು.
ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ಅವರು ನನ್ನತ್ತ ನೋಡಲೇ ಇಲ್ಲ, ಗೇಟಿನತ್ತ ಕೂಗಿದರು:
ಬೆಳಗಿನಿಂದ ಎದೆಯಲ್ಲಿ ಬಿದ್ದವರನ್ನೆಲ್ಲ
ವಾಪಸ್ ಕರೆಯಿರಿ.
ಅಂಗಿ ಹೆಗಲಿಗೆ ಹಾಕಿ ಮಂಜಿನೊಳಗಿಂದ ಬಂದರು,
ಹನ್ನೊಂದು ಜನ.
ಇನ್ನುಳಿದವರು ಬಸ್ಸು ಹತ್ತಿಯಾಗಿತ್ತು.

ಪಟ್ಟಿ ಇನ್ನೂ ಬಂದಿಲ್ಲ.
ಸಂಜೆ ಅಂಗಡಿಗೆ ಬಂದವನು
ನನ್ನ ಟೇಪನ್ನೇ ಸ್ಕೇಲಿನ ಮೇಲಿಟ್ಟೆ.
ಕಾಲು ಸೆಂಟಿ.
ಎಷ್ಟು ವರ್ಷದಿಂದಲೋ ಇಡೀ ಊರು
ನನ್ನ ಕೈಯಲ್ಲಿ ಕಾಲು ಸೆಂಟಿ ಸಣ್ಣ.
ಒಬ್ಬರೂ ದೂರು ಹೇಳಿರಲಿಲ್ಲ.

ಒಳಗೆ ಯಾವಾಗಲೂ
ಒಂದಿಂಚು ಬಿಟ್ಟೇ ಹೊಲಿಯುತ್ತೇನೆ.