ವಿಷಮಂ

ಪೆರ್ಲದ ಆಸ್ಪತ್ರೆಯಿಂದ ಜೀಪು ಹೊರಟಾಗ
ಮುಂದಿನ ಸೀಟಿನಲ್ಲಿ ಯಾರೋ ಮಡಚಿಟ್ಟ ಪೇಪರು:
ರೋಗಿಗಳನ್ನು ನೋಡಿಕೊಳ್ಳುವವರ ಮನಸ್ಸನ್ನೂ
ಇನ್ನು ಮುಂದೆ ನೋಡಿಕೊಳ್ಳಲಾಗುವುದು.
ಒಳಪುಟ, ನಾಲ್ಕು ಗೆರೆ.
ಅದರ ಮೇಲೆಯೇ ಕೂತಳು ರೆಂಜಿನಿ.
ತ್ರಿಶೂರಿನವಳು, ಇಪ್ಪತ್ತಾರು ವಯಸ್ಸು,
ಟ್ಯಾಬಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿಲ್ಲ.
ಹಿಂದೆ ನಾನು, ಆಶಾ ಕಾರ್ಯಕರ್ತೆ,
ಈ ವಾರ್ಡಿನ ಬಾಡಿಗೆ ನಾಲಿಗೆ.

ಒಂಬತ್ತು ಪ್ರಶ್ನೆ, ಎಲ್ಲ ಮಲಯಾಳದಲ್ಲಿ.
ಕನ್ನಡ ಮುಂದಿನ ಅಪ್‌ಡೇಟಿಗೆ ಬರುತ್ತದಂತೆ.
ನನ್ನ ಅಜ್ಜನ ಕಾಲದಿಂದಲೂ ಅದು
ಮುಂದಿನದಕ್ಕೇ ಬರುವುದು.

ದುಗ್ಗಮ್ಮ ಮುರಕಲ್ಲಿನ ಮೆಟ್ಟಿಲಲ್ಲಿ ಕೂತಿದ್ದಳು,
ಗೇರುಸೊನೆ ತಿಂದ ಬೆರಳು ಮಡಿಲಲ್ಲಿ.
ಪಟ್ಟಿಯಲ್ಲಿ ಮಗಳ ಹೆಸರು ಇನ್ನೂ ಇತ್ತು,
ಅಳಿಸುವುದು ಬೇರೆ ಆಫೀಸಿನ ಕೆಲಸ.

"ವಿಷಮಂ ಉಂಡೋ?" ಕೇಳಿದಳು ರೆಂಜಿನಿ.
ನಾನು ಬಾಯಿ ತೆರೆಯುವ ಮೊದಲೇ ದುಗ್ಗಮ್ಮ:
"ವಿಷವೋ? ಈಗ ಇಲ್ಲ ಮಗಳೇ,
ಹೆಲಿಕಾಪ್ಟರು ನಿಂತು ಎಷ್ಟು ಕಾಲವಾಯಿತು!
ಬಾವಿಗೆ ಮಡಲು ಮುಚ್ಚಿ ಅಂತ ಹೇಳಿಹೋಗುತ್ತಿದ್ದರು,
ಮುಚ್ಚುವಷ್ಟರಲ್ಲಿ ಗುಡ್ಡೆ ದಾಟಿ ಬಂದಾಗಿರುತ್ತಿತ್ತು.
ಬಿಳಿ ಬಿಳಿ, ಮೈಗೆ ಒಳ್ಳೆ ತಂಪು.
ನಾನು ಮಗುವನ್ನು ಎತ್ತಿ ತೋರಿಸುತ್ತಿದ್ದೆ."

ರೆಂಜಿನಿ ನನ್ನ ಮುಖ ನೋಡಿದಳು.
ಎಂತ ಹೇಳುವುದು? ಅವರ ದುಃಖಕ್ಕೂ ನಮ್ಮ ವಿಷಕ್ಕೂ
ತುಟಿ ಎರಡು ಸಲ ಮುಚ್ಚುವಷ್ಟೇ ದೂರ.
"ಉಂಟು" ಅಂದೆ. ಅವಳು ಒತ್ತಿದಳು.

ಉರಕ್ಕಂ ಕೇಳುವಾಗ ನಾನು ಬೇಡವಾಯಿತು.
ನಮ್ಮಲ್ಲೂ ಒರಕ್ಕೇ,
ಬಾರದ ನಿದ್ದೆಗೆ ಚೆಕ್‌ಪೋಸ್ಟ್ ಇಲ್ಲ.
"ರಾತ್ರಿ ಎರಡಕ್ಕೆ ಎಚ್ಚರ.
ಅವಳ ಮಗ್ಗುಲು ಬದಲಿಸಬೇಕಲ್ಲ, ಹುಣ್ಣಾಗದ ಹಾಗೆ.
ಏಳುತ್ತೇನೆ. ಯಾರೂ ಇಲ್ಲ.
ಎದ್ದದ್ದು ದಂಡವಾಗಬಾರದಲ್ಲ,
ಚಾಪೆಯನ್ನೇ ಮಗುಚಿ ಹಾಕಿ ಮಲಗುತ್ತೇನೆ."

ಎಷ್ಟು ದಿನ ಹೀಗೆ? ಪರದೆಯಲ್ಲಿ ನಾಲ್ಕು ಚೌಕ.
ಕೊನೆಯದು, ಮಿಕ್ಕ ದಿವಸವುಂ.
ಅವರಲ್ಲಿ ಅದು ಹೆಚ್ಚಿನ ದಿನಗಳು.
ನಮ್ಮಲ್ಲಿ, ಉಳಿದ ದಿನಗಳು.
ನಾನು ತರ್ಜುಮೆ ಮಾಡಲಿಲ್ಲ.
ಎರಡೂ ಸರಿಯಿತ್ತು.

ಆರನೆಯದಕ್ಕೆ ನಾನೇ ತೊದಲಿದೆ.
ತನ್ನ ಬಗ್ಗೆ ತನಗೇ, ತಾನು ಸೋತೆನೆಂದು, ಮನೆಯವರನ್ನು ಸೋಲಿಸಿದೆನೆಂದು...
ಒಬ್ಬ ತಾಯಿಗೆ ಇದನ್ನು ಯಾವ ಬಾಯಲ್ಲಿ ಕೇಳುವುದು?
ರೆಂಜಿನಿ ಇನ್ನೊಂದು ಶಬ್ದ ಹುಡುಕಿದಳು, ನಾನು ಮತ್ತೊಂದು.
ದುಗ್ಗಮ್ಮ ನಕ್ಕಳು, ನಿಜವಾಗಿ:

"ಎರಡೆರಡು ಭಾಷೆ ಇಟ್ಟುಕೊಂಡು ಹೀಗೆ ಬೆವರುತ್ತೀರಲ್ಲ!
ನನ್ನ ವಾರಿಜೆಗೆ ಒಂದೂ ಇರಲಿಲ್ಲ,
ಇಪ್ಪತ್ತಾರು ವರ್ಷ.
ಹಸಿವೆಗೆ ಎಡಗಣ್ಣು.
ನೋವಿಗೆ ಹೆಬ್ಬೆರಳು ಒಳಗೆ ಮಡಚುವುದು.
ಮಳೆ ಬೇಕಾದರೆ, ಅವಳಿಗೆ ಆಗಾಗ ಮಳೆ ಬೇಕಾಗುತ್ತಿತ್ತು,
ನಾಲಿಗೆಯ ತುದಿ ಹೊರಗೆ.
ಬಲ್ಲವರು ನಾವಿಬ್ಬರೇ.
ಈಗ ನಾನೊಬ್ಬಳೇ ಮಾತಾಡಿ ಮಾಡುವುದೆಂತ?"

ಗೋಡೆಯ ಸಂದಿಯ ಮೇಣದ ಕೊಳವೆಯಲ್ಲಿ
ಮುಜಂಟಿ ಜೇನು ಹೋಗಿ ಬರುತ್ತಿದ್ದವು.
ಅವು ವಾಪಸು ಬಂದು ಮೂರು ವರ್ಷವಾಯಿತಂತೆ,
ಅದನ್ನೂ ಒತ್ತಿಬಿಡು ಅಂದಳು. ಚೌಕ ಇರಲಿಲ್ಲ.

ರೆಂಜಿನಿ ಟ್ಯಾಬನ್ನು ಬೋರಲು ಇಟ್ಟಳು.
ಹೆಬ್ಬೆರಳು ಮಡಚಿ ತೋರಿಸಿದಳು, ಹೀಗೋ?
"ಅಷ್ಟು ಬಿಗಿ ಹಿಡಿಯಬಾರದು," ಅಂದಳು ದುಗ್ಗಮ್ಮ,
ಅವಳ ಕೈಯನ್ನು ತನ್ನ ಕಪ್ಪು ಬೆರಳಲ್ಲಿ ಬಿಡಿಸುತ್ತ.
"ಅದು ಜೋರು ನೋವು.
ನಿನ್ನದು ಎಷ್ಟು?"

ಇಳಿಜಾರಿನಲ್ಲಿ ಜೀಪು ಕುಲುಕುವಾಗ
ಟ್ಯಾಬು ತಾನಾಗಿ ಬೆಳಗಿತು.
ಕೆಂಪಕ್ಷರ: ಅಪೂರ್ಣಂ.
ಅವಳು ನನ್ನ ಕಡೆ ತಿರುಗಲಿಲ್ಲ.
ಇದೊಂದಕ್ಕೆ ನಾನು ಬೇಡ.