ಕೊಟ್ಟಿಗೆಯ ಕಲ್ಲು

ಕೃಷಿ ಇಲಾಖೆಯವಳು ಕುದುರೆಯ ಮೇಲೆ ಬಂದಳು,
ಚೀಲದಲ್ಲಿ ಬೀಜ, ಅಳತೆಯ ಟೇಪು,
ಲೆಸೊಥೊ ಸರ್ಕಾರದ ಮೊಹರು.
ಮಡಿ ದುಂಡಗಿರಬೇಕಂತೆ, ಸೊಂಟದೆತ್ತರ,
ಬಗ್ಗಲಾರದವರ ಕೈಗೂ ಎಟುಕುವಂತೆ.

ಕಲ್ಲು ಎಲ್ಲಿಂದ?
ಕೊಟ್ಟಿಗೆ ಇತ್ತಲ್ಲ,
ದನ ಕಳುವಾದ ಮೇಲೆ ಬರೀ ಗಾಳಿಯನ್ನು ಕಟ್ಟಿಹಾಕಿದ್ದು.
ಮಾಸೆಚಾಬಾ ಅದನ್ನೇ ಕಿತ್ತಳು.
ಗಂಡ ಜೋಡಿಸಿದ ಕಲ್ಲು;
ಒಂದೊಂದೂ ಅವನ ಹಾಗೇ,
ಒಂದು ಮಗ್ಗುಲಿಗೆ ಮಾತ್ರ ಕೂರುತ್ತಿತ್ತು.

ನಡುವಿನ ಬುಟ್ಟಿಗೆ ಬೂದಿ, ಪಾತ್ರೆ ತೊಳೆದ ನೀರು.
ಮಲೋಟಿಯ ನೆತ್ತಿಗೆ ಹಿಮ ಬಿದ್ದ ವಾರವೂ
ಸೊಪ್ಪು ನಿಂತೇ ಇತ್ತು.

ಮತ್ತೆ ಬಂದವಳ ಕಾಗದ ಕೇಳಿತು:
ನಿನ್ನೆ ಎಷ್ಟು ಹೊತ್ತಿನ ಊಟ?
ಎರಡು, ಅಂದಳು.

ಮೂರನೆಯದು ನಡುರಾತ್ರಿ, ಅಂಗಳದಲ್ಲಿ,
ಮಣ್ಣೂ ಒರೆಸದ ಗಜ್ಜರಿಯನ್ನು
ಕಟಕಟ ಕಡಿಯುವ ಸದ್ದು.
ಮಗ.
ಎಚ್ಚರವಿದ್ದೂ
ಕೆಮ್ಮಲಿಲ್ಲ ಅವಳು.