ಎಡಗೈ ಕೊಡ್ರಿ

ಬೀಳೂ ಮಂದಿ ಮೊದಲ ಆಕಳಿಸ್ತಾರ.
ಪುಸ್ತಕದಾಗ ಓದಿದ್ದಲ್ಲ ಇದು,
ದುರ್ಗದಬೈಲಿನ ಸಂದಿಯೊಳಗ, ಬಾಂಡೆ ಅಂಗಡಿ ಮ್ಯಾಲಿನ ಲ್ಯಾಬಿನಾಗ
ಹನ್ನೊಂದು ವರ್ಷ ಮಂದಿ ಮೊಣಕೈ ಹಿಡದು ಕಲ್ತದ್ದು.
ಆಕಳಿಕಿ. ಆಮ್ಯಾಲೆ ಮೀಸಿ ಮ್ಯಾಲೆ ಸಣ್ಣ ಬೆವರು.
ಆಮ್ಯಾಲೆ, "ತಂಗಿ, ಫ್ಯಾನ್ ಸ್ವಲ್ಪ ಜೋರ್ ಮಾಡು."
ಫ್ಯಾನ್ ಜೋರ ಇರ್ತೈತಿ.

ಮುದುಕ್ಯಾರು ಬೀಳಂಗಿಲ್ಲ.
ಎಂಟು ಹಡದಾಕಿ ಅಮರಗೋಳದ ಬಾಳವ್ವ
ಸೂಜಿ ಒಳಗ ಇದ್ದಾಗನ
ಉಳ್ಳಾಗಡ್ಡಿ ರೇಟು ಹೇಳ್ತಾಳ, ಜಗಳಕ್ಕ ಬಂದಂಗ.
ಬೀಳಾವ್ರು ಎತ್ತಿನಂಥ ಗಂಡಸ್ರು:
ಗಬ್ಬೂರ ಬೈಪಾಸಿನ ಲಾರಿ ಡ್ರೈವರು,
ಗೌಂಡಿ ಕೆಲಸದವ್ರು,
ಮಟನ್ ಅಂಗಡಿ ಮಕ್ತುಮಸಾಬ.
"ದಿನಾ ರಕ್ತದಾಗ ಇರಾಂವ ನಾನು, ನನಗೇನು ಹೇಳ್ತಿ" ಅಂತ
ನಕ್ಕೋತ ತೋಳು ಮಡಚಿದಾಂವ
ನಗಿ ಮುಗಿಯೂದ್ರಾಗ ನನ್ನ ಹೆಗಲ ಮ್ಯಾಲೆ.

ಡಾಕ್ಟ್ರು ಹೇಳೂದು ಸಣ್ಣ ಮಾತು:
ಸೂಜಿ ಕಂಡು ಎದಿ ಬಡಿಯೂದು ನಿಧಾನ ಆಗತೈತಿ,
ರಕ್ತ ಕಾಲಿಗೆ ಇಳೀತೈತಿ, ತಲಿ ಖಾಲಿ.
ಮಲಗಿಸು, ಕಾಲು ಎತ್ತಿಡು, ತಾನ ಬರ್ತಾನ.
ನಾನು ಎತ್ತಿ ಕುರ್ಚಿ ಮ್ಯಾಲೆ ಇಡ್ತೀನಿ.
ಅಂಗಾಲು ಕಾಣ್ತಾವು. ಬಿರುಕು, ಸಿಮೆಂಟು,
ಒಬ್ಬಂವಗ ಮದವಿ ಅರಿಷಿಣ ಇನ್ನೂ ಹೋಗಿರಲಿಲ್ಲ.

ತಿರುಗಿ ಬಂದವ್ರ ಮೊದಲ ಮಾತಿಗೆ
ರಿಪೋರ್ಟಿನಾಗ ಕಾಲಮ್ ಇಲ್ಲ.
ಔಷಧ ಕಂಪನಿ ಕೊಟ್ಟ ಹಳೇ ಡೈರಿಯೊಳಗ ಬರದಿಟ್ಟೀನಿ.
"ಅಣ್ಣಿಗೇರಿ ದಾಟ್ತೇನು?"
"ಹಾಲು ಉಕ್ಕಿತು, ಹಾಲು."
"ಯಾರೋ ನನ್ನ ಚಪ್ಪಲಿ ಮೆಟಗೊಂಡು ಹ್ವಾದ್ರು."
ಮಕ್ತುಮಸಾಬ ಕಣ್ಣು ತೆರೆದು, ಭಾಳ ಮೆತ್ತಗ,
"ಅದಕ್ಕ ನೀರು ಕುಡಿಸೀರೇನು?"

ಹ್ವಾದ ಶ್ರಾವಣದಾಗ ಮುದೇನೂರ ಮಾಸ್ತರು ಬಂದ್ರು.
ಕುಸುಗಲ್ಲ ಶಾಲಿಯೊಳಗ ಡ್ರಿಲ್ ಕಲಿಸಿದವ್ರು.
ನರ್ಸಬಾಯಿ ಬಂದು ನಮಗೆಲ್ಲಾ ಸೂಜಿ ಚುಚ್ಚಿದ ದಿನ
ನನ್ನ ಪಾಳಿ ಬರೂ ಮುಂಚೆನ ನಾನು ಬಿದ್ದಿದ್ದೆ.
"ನಾಟಕ ಮಾಡ್ತಾಳ" ಅಂದವ್ರೂ ಅವ್ರ,
ಎತ್ತಿ ಬೇವಿನ ಗಿಡದ ಬುಡಕ್ಕ ಒಯ್ದವ್ರೂ ಅವ್ರ.
ಅಂಗಿ ಕಿಸೆಯೊಳಗಿನ ಸೀಟಿ ನನ್ನ ಗಲ್ಲಕ್ಕ ಒತ್ತಿತ್ತು,
ಅದು ನೆನಪೈತಿ.

ಈಗ ಸಕ್ಕರಿ ನೋಡಸಾಕ ಬಂದಾರ, ಖಾಲಿ ಹೊಟ್ಟಿಲೆ.
ಹೆಸರು ಕೇಳಿ ಬರಕೊಂಡೆ, ನಂದು ಹೇಳಲಿಲ್ಲ.
ಆಕಳಿಸಿದ್ರು.
ಸರಕ್ಕನ ಹಿಡಕೊಂಡೆ, ಮೈ ಹಗುರಾಗೈತಿ ಪಾಪ.
ಹನ್ನೆರಡು ಎಣಿಸಿದೆ. ತುಟಿ ಅಲುಗಿತು.
"ಸಾಲು... ಸಾಲು ಸರಿ ಮಾಡ್ರಿ."

ಆವಾಗ ಕಂಡ್ತು ನನಗ ಆ ಅಂಗಳ:
ಅವತ್ತು ಇಡೀ ಮುಂಜಾನಿ ಮಾಸ್ತರು
ನರ್ಸಬಾಯಿಗೆ ಬೆನ್ನು ಮಾಡಿ ನಿಂತು
ಸರಿ ಇದ್ದ ಸಾಲನ್ನ ಸರಿ ಮಾಡ್ತಿದ್ರು,
ಮತ್ತ ಸರಿ ಮಾಡ್ತಿದ್ರು.

ಮೂರು ತಿಂಗಳಿಗೆ ತಿರುಗಿ ಬಂದಾಗ
ಮೊದಲ ಮಲಗಿಸಿದೆ.
"ಎಡಗೈ ಕೊಡ್ರಿ. ಗ್ವಾಡಿ ನೋಡ್ರಿ.
ತೊಡಿ ಬಿಗಿ ಹಿಡೀರಿ, ಬಲಗೈ ಮುಷ್ಟಿ ಬಿಗಿ ಹಿಡೀರಿ,"
ನನ್ನ ದನಿ ಕವಾಯತಿನ ದನಿ ಆಗಿತ್ತು, ನನಗ ಗೊತ್ತಿಲ್ಲದಂಗ.
ಒಂದು ಆಕಳಿಕಿ ಬಂತು, ಅರ್ಧಕ್ಕ ನುಂಗಿದ್ರು.
ಕೊಳವಿ ತುಂಬಿತು.
ಹತ್ತಿ ಒತ್ತಿ ಹಿಡೀರಿ ಅಂದೆ.
ಹಿಡದ್ರು, ಸೀಟಿ ಹಿಡದಂಗ, ಎರಡ ಬೆರಳಿನಾಗ.